ಕಪ್ಪೆಯ ಬಂಧುಪಟ್ಟಿ

ಹುಸೇನಬಿ ಕೈಗವಸು ತೊಟ್ಟು, ಒದ್ದೆ ಹತ್ತಿಯ ತುದಿಯಿಂದ ಮರಗಪ್ಪೆಯ ಹೊಟ್ಟೆಯನ್ನು ಮೂರು ಸಲ ಸವರಿ, ಆ ಹತ್ತಿಯನ್ನು ಮೂಲದರ್ಶಿಯ ಬಾಯಿಗಿಟ್ಟಳು. ಉಪ್ಪಿನಕಾಯಿ ಜಾಡಿಯಷ್ಟೇ ಎತ್ತರದ ಯಂತ್ರ ಎರಡು ನಿಮಿಷ ಗುಂಯ್‌ಗುಟ್ಟಿತು. ಆಮೇಲೆ ಅದರ ಪರದೆಯ ಮೇಲೆ ಅಕ್ಷರ ಮೂಡಿತು: ಹುಟ್ಟು, ಸಾಕಣೆಮನೆ, ಆರನೆಯ ತಲೆಮಾರು. ಆಹಾರ, ಸಾಕಿದ ಹುಳು. ರೋಗ, ಇಲ್ಲ. ಅದರ ಕೆಳಗೆ ಬಂಧುಪಟ್ಟಿ ಎಂಬ ತಲೆಬರಹದಲ್ಲಿ ಒಂದಿಷ್ಟು ಹೆಸರುಗಳು.

"ನೋಡ್ರಿ ಕಾಕಾ, ನನ್ನ ಮನ್ಯಾಗ ಹುಟ್ಟಿದ್ದು," ಎಂದಳು ಹುಸೇನಬಿ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಹನ್ನೆರಡು ವರ್ಷಗಳಿಂದ ಕಪ್ಪೆ ಸಾಕಿ ಮಾರುತ್ತಿದ್ದ ಹೆಂಗಸು ಅವಳು.

ಎದುರಿಗೆ ಕೂತಿದ್ದ ಬಸಲಿಂಗಪ್ಪ ಕಮ್ಮಾರ ಮಿಸುಕಲಿಲ್ಲ. ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಅವನ ಕೆಲಸವೆಂದರೆ ನಿಂತ ಗಾಡಿಯ ಗಾಲಿಗಳಿಗೆ ಸುತ್ತಿಗೆಯಿಂದ ಬಡಿದು, ದನಿ ಕೇಳಿ, ಬಿರುಕು ಎಲ್ಲಿದೆಯೆಂದು ಹೇಳುವುದು. ಅಂಥವನಿಗೆ ಪರದೆಯ ಮೇಲಿನ ಅಕ್ಷರದ ಮೇಲೆ ನಂಬಿಕೆ ಬರುವುದು ಕಷ್ಟವೇ.

"ಗಾಲೀನ ಬಡದ್ರ ಅದs ಹೇಳತೈತಿ. ಈ ಡಬ್ಬಿ ಖರೇ ಹೇಳತೈತಿ ಅಂತ ಹೆಂಗ ನಂಬೂದ್ರಿ ಬಾಯಾರ?" ಎಂದು ಅವನು ಮೂಲೆಯ ಕುರ್ಚಿಯತ್ತ ತಿರುಗಿ ಕೇಳಿದ.

ಆ ಕುರ್ಚಿಯಲ್ಲಿದ್ದವರು ಡಾ. ನೀಲಗಂಗಾ ಅಂಗಡಿ. ಯಂತ್ರ ಅವರದೇ ಸೃಷ್ಟಿ. ಹೊಸ ಯಂತ್ರ ಜನರಿಗೆ ಅರ್ಥವಾಗುವ ತನಕ ತಾವೇ ಅಂಗಡಿಗಳಲ್ಲಿ ಕೂತು ವಿವರಿಸುವುದೆಂದು ಅವರು ಹಟ ಹಿಡಿದಿದ್ದರು. ಮನೆಗೆ ಬೇಗ ಹೋಗಬೇಕಾದ ಕಾರಣವೇನೂ ಅವರಿಗೆ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

"ನಂಬಬ್ಯಾಡ್ರಿ. ಪರೀಕ್ಷಾ ಮಾಡಿ ನೋಡ್ರಿ," ಎಂದರು.

ಬಸಲಿಂಗಪ್ಪ ಕೈಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದ. ಒಳಗೆ ಮಂಜುಗಡ್ಡೆಯ ನಡುವೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಸತ್ತ ಕಪ್ಪೆ. "ಹಂಗಾರ ಇದನ್ನ ಕೇಳ್ರಿ," ಎಂದ.

ಆ ಕಾಲದಲ್ಲಿ ಊರಿನವರಿಗೆ ಮರಗಪ್ಪೆಯ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಹತ್ತಾರು ಮಾಳಿಗೆಯ ಕಟ್ಟಡಗಳಲ್ಲಿ ನಾಯಿ ಬೆಕ್ಕು ಸಾಕುವಂತಿರಲಿಲ್ಲ. ಸೆಖೆಗೆ ಹೆದರಿ ಮುಚ್ಚಿದ ಕಿಟಕಿ ಮುಚ್ಚಿದಂತೆಯೇ ಇರುತ್ತಿತ್ತು. ಗಾಡಿಗಳು ಸದ್ದಿಲ್ಲದೆ ಓಡುತ್ತಿದ್ದವು. ಮನೆಯೊಳಗೆ ಒಬ್ಬರೇ ಇರುವವರಿಗೆ ತಮ್ಮ ಉಸಿರಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಎಲೆ, ಒಂದು ಬಟ್ಟಲು ನೀರು ಇಟ್ಟರೆ ಸಂಜೆಯ ಹೊತ್ತು ಏನೋ ಒಂದು ಜೀವ ಟಕ್ ಟಕ್ ಎನ್ನುತ್ತಿತ್ತು. ಅಷ್ಟೇ ಸಾಕಾಗಿತ್ತು ಜನಕ್ಕೆ. ಬೇಡಿಕೆ ಹೆಚ್ಚಿದಂತೆ ಕಾಡಿನಿಂದ ಹಿಡಿದು ತಂದು ಮಾರುವವರೂ ಹೆಚ್ಚಿದರು. ಚೀಲದಲ್ಲಿ ತುರುಕಿ ತಂದ ಕಪ್ಪೆ ರೋಗ ಹೊತ್ತು ಬರುತ್ತಿತ್ತು, ಹೆದರಿ ಅನ್ನ ಬಿಡುತ್ತಿತ್ತು, ವಾರದಲ್ಲಿ ಸಾಯುತ್ತಿತ್ತು. ಹಾಗಾಗಿಯೇ ಮೂಲದರ್ಶಿಯ ಪತ್ರವಿಲ್ಲದೆ ಕಪ್ಪೆ ಮಾರಬಾರದೆಂದು ಕಾನೂನು ಬಂತು.

ಯಂತ್ರ ಮತ್ತೆ ಗುಂಯ್‌ಗುಟ್ಟಿತು. ನೀಲಗಂಗಾ ಓದಿದರು: "ಹುಟ್ಟು, ಕಾಡು. ಆಹಾರ, ಕಾಡಿರುವೆ. ಚರ್ಮದಾಗ ಬೂಷ್ಟು ರೋಗ. ಸಾಯೂಕಿಂತ ಮೊದಲ ಹನ್ನೊಂದು ದಿನ ಏನೂ ತಿಂದಿಲ್ಲ. ಬಂಧುಗಳು ಯಾರೂ ಇಲ್ಲ."

ಬಸಲಿಂಗಪ್ಪ ಬೆರಳು ಮಡಿಸಿ ಎಣಿಸಿದ. "ನಮ್ಮ ಮನ್ಯಾಗ ಒಂಬತ್ತು ದಿನ. ಆ ಸ್ಟೇಷನ್ ಹಿಂದಿನ ಸಂತ್ಯಾಗ ಮಾರಾಂವನ ಚೀಲದಾಗ ಎರಡು." "ನಾ ಅದಕ್ಕ ದಿನಾ ಹುಳಾ ಹಿಡಿದು ಹಾಕತಿದ್ದೆರಿ. ಬಾಯೇ ತೆರೀಲಿಲ್ಲ. ಹೆಂಡತಿ ಹೋದ ಮ್ಯಾಲ ಮನಿ ಭಣಭಣ ಅಂತಿತ್ತು. ಒಂದು ದನಿ ಇರಲಿ ಅಂತ ತಂದೆ. ಅದರ ಮನಿ ಮುರದು ನನ್ನ ಮನಿ ತುಂಬಸೂದು ನನಗ ಬ್ಯಾಡಾಗಿತ್ತು."

"ಇಷ್ಟು ದಿನ ಯಾಕ ಇಟ್ಕೊಂಡ್ರಿ ಇದನ್ನ?" ಎಂದು ನೀಲಗಂಗಾ ಕೇಳಿದರು.

"ಹುಗೀಲಿಕ್ಕೆ ಮಣ್ಣೆಲ್ಲಿ ಐತ್ರಿ ನಮ್ಮ ಕಟ್ಟಡದಾಗ? ಕಸದ ಡಬ್ಬ್ಯಾಗ ಒಗೀಲಿಕ್ಕೆ ಮನಸ್ ಬರಲಿಲ್ಲ."

ಅಂದೇ ನೀಲಗಂಗಾ ಆ ಸತ್ತ ಕಪ್ಪೆಯನ್ನು ಬಸಲಿಂಗಪ್ಪನ ಹೆಸರಿನಲ್ಲಿ ದಾಖಲಿಸಿ, ಆ ಸಂತೆಯ ಮಾಹಿತಿಯನ್ನು ಅಧಿಕಾರಿಗಳಿಗೆ ಕೊಟ್ಟರು. ಮಾರುವವನ ಬಳಿ ಉಳಿದಿದ್ದ ಕಪ್ಪೆಗಳನ್ನು ವಶಪಡಿಸಿಕೊಳ್ಳುವ ಹೊತ್ತಿಗೆ ಒಂದರಲ್ಲಿ ಮಾತ್ರ ಜೀವವಿತ್ತು. ಮರಳಿ ಕಾಡಿಗೆ ಬಿಟ್ಟರೆ ರೋಗ ಹರಡುವ ಭಯ. ಬೇರೆ ಯಾರಿಗೂ ಬೇಡವಾದ ಅದನ್ನು ನೀಲಗಂಗಾ ತಾವೇ ಮನೆಗೆ ಒಯ್ದು, ಔಷಧಿ ಹಚ್ಚಿ ಬದುಕಿಸಿಕೊಂಡರು.

ಇತ್ತ ಯಂತ್ರದ ಮೇಲೆ ಬಸಲಿಂಗಪ್ಪನಿಗೆ ನಂಬಿಕೆ ಬಂದರೂ, ಅವನ ಮೇಲೆ ಹುಸೇನಬಿಗೆ ನಂಬಿಕೆ ಬರಬೇಕಿತ್ತಲ್ಲ! ಹೆಣ್ಣು ಕೊಡುವವರಿಗಿಂತ ಹೆಚ್ಚು ಪ್ರಶ್ನೆ ಅವಳದು. ಪೆಟ್ಟಿಗೆ ಎಷ್ಟು ಎತ್ತರ? ನೀರು ನಲ್ಲಿಯದೋ, ಮಳೆಯದೋ? ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಎರಡು ಸಲ ಬರಿಗೈಯಲ್ಲಿ ಕಳಿಸಿದಳು. ಮೂರನೆಯ ಸಲ ಕಪ್ಪೆಯ ತಂದೆತಾಯಿಯನ್ನು ತೋರಿಸಿದಳು. ಕಪ್ಪೆ ಕಣ್ಣ ಮುಂದೆಯೇ ಹುಳು ಹಿಡಿದು ನುಂಗುವುದನ್ನು ತೋರಿಸಿ, "ಕಣ್ಣು ನೋಡ್ರಿ, ಹೆಂಗ ಹೊಳಿತಾವ. ಮೈಯಾಗ ಎಲುಬು ಕಾಣಬಾರದು, ಗಾಯ ಇರಬಾರದು. ಅವಸರ ಮಾಡಿ ಕೈಗೆ ತುರುಕೂ ಅಂಗಡಿಗೆ ಇನ್ನೊಮ್ಮೆ ಹೋಗಬ್ಯಾಡ್ರಿ ಕಾಕಾ," ಎಂದು ಬುದ್ಧಿ ಹೇಳಿಯೇ ಕೊಟ್ಟಳು. ಹಸಿರು ಬಾವುಟದಂತಿದ್ದ ಅದಕ್ಕೆ ಬಸಲಿಂಗಪ್ಪ 'ಗಾರ್ಡ್ ಸಾಹೇಬ' ಎಂದು ಹೆಸರಿಟ್ಟ. ಮೊದಲ ಸಂಜೆ ಅದು ಟಕ್ ಟಕ್ ಎಂದಾಗ ಕಿವಿಗೊಟ್ಟು ಕೇಳಿ, ಬಿರುಕಿಲ್ಲ ಎಂದು ಸಮಾಧಾನಪಟ್ಟ.

ನೀಲಗಂಗಾ ಊಹಿಸದಿದ್ದದ್ದು ಬಂಧುಪಟ್ಟಿಯ ಪರಿಣಾಮವನ್ನು. ಅಕ್ಕತಂಗಿ, ಅಣ್ಣತಮ್ಮಂದಿರನ್ನೇ ಜೋಡಿ ಮಾಡಿದರೆ ಮರಿಗಳು ದುರ್ಬಲವಾಗುತ್ತವೆ. ಆದ್ದರಿಂದ ರಕ್ತಸಂಬಂಧ ತಿಳಿಯುವುದು ಅಗತ್ಯ. ಮೊದಲು ಅದನ್ನು ಅಂಕಿಗಳಲ್ಲಿ ಕೊಟ್ಟಿದ್ದರು, ಯಾರಿಗೂ ತಿಳಿಯಲಿಲ್ಲ. ಬೇಸತ್ತು ಅಣ್ಣ, ತಂಗಿ, ಸೋದರತ್ತೆ, ಚಿಕ್ಕಪ್ಪ ಎಂದು ಬರೆಸಿದರು. ಒಂದು ಕಪ್ಪೆಗೆ ರೋಗ ಬಂದರೆ ಅಥವಾ ಅದು ಸತ್ತರೆ, ಅದರ ಬಂಧುಗಳನ್ನು ಸಾಕಿದವರ ಫೋನಿಗೆ ತಕ್ಷಣ ಸುದ್ದಿ ಹೋಗುವಂತೆಯೂ ಮಾಡಿದರು. ಅದಕ್ಕಾಗಿ ಪಟ್ಟಿಯಲ್ಲಿ ವಿಳಾಸಗಳೂ ಇದ್ದವು.

ನಮ್ಮ ಜನರ ಕೈಗೆ ವಿಳಾಸದ ಜೊತೆ ವರಸೆಯನ್ನೂ ಕೊಟ್ಟರೆ ಇನ್ನೇನಾಗುತ್ತದೆ? ಆರು ತಿಂಗಳಲ್ಲಿ ಬಸಲಿಂಗಪ್ಪ ಗದಗಿನ ಗಾಡಿ ಹತ್ತಿದ. ಗಾರ್ಡ್ ಸಾಹೇಬನ ತಂಗಿಯನ್ನು ಸಾಕಿದ್ದ ನಿವೃತ್ತ ನರ್ಸ್ ಒಬ್ಬರು ಅವನನ್ನು "ಬರ್ರಿ ಅಣ್ಣಾರ" ಎಂದು ಕರೆದು ಊಟಕ್ಕೆ ಹಾಕಿದರು. ಊರೂರುಗಳಲ್ಲಿ ಹೀಗೇ ಶುರುವಾಯಿತು. ಪತ್ರಿಕೆಗಳು ನಕ್ಕವು. ನೀಲಗಂಗಾ ಸಿಡಿಮಿಡಿಗೊಂಡರು.

"ರೋಗ ತಡೀಲಿಕ್ಕೆ ಮಾಡಿದ ವ್ಯವಸ್ಥಾ ಅದು. ನೀವು ಹಬ್ಬಕ್ಕ ಉಂಡಿ ಕೊಟ್ಟು ಕಳಸ್ಲಿಕ್ಕೆ ಹತ್ತೀರಿ!" ಎಂದು ಹುಸೇನಬಿಯ ಅಂಗಡಿಯಲ್ಲಿ ಸಿಕ್ಕ ಬಸಲಿಂಗಪ್ಪನನ್ನು ಗದರಿದರು.

"ತಪ್ಪೇನೈತ್ರಿ ಬಾಯಾರ? ನಿಮ್ಮ ಕಪ್ಪಿ ಕಡೆಯವರು ಯಾರೂ ಇಲ್ಲೇನು?"

"ಅದು ಕಾಡಿಂದು. ಅದಕ್ಕ ಯಾರೂ ಇಲ್ಲ," ಎಂದು ಅವರು ಮಾತು ಮುಗಿಸಿದರು.

ನಿಜ ಹೇಳಬೇಕೆಂದರೆ, ಸಾವಿರಾರು ಕಪ್ಪೆಗಳ ಮೂಲ ನೋಡಿದ ಅವರು ತಮ್ಮದನ್ನು ಒಮ್ಮೆಯೂ ಯಂತ್ರಕ್ಕೆ ತೋರಿಸಿರಲಿಲ್ಲ. ಬಂಧುಗಳು ಯಾರೂ ಇಲ್ಲ ಎಂಬ ಸಾಲನ್ನು ತಮ್ಮ ಮನೆಯೊಳಗೆ ಕೂತು ಓದುವ ಧೈರ್ಯವಾಗಿರಲಿಲ್ಲ. ಎರಡು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ ಫೋನ್ ಕೈಯಲ್ಲಿ ಹಿಡಿದು, ಯಾರಿಗೆ ಹೇಳಬೇಕೆಂದು ತೋಚದೆ ಕೂತಿದ್ದರು. ಮಣ್ಣು ಮಾಡಿ ಬಂದು, ಚಹಾ ತಾವೇ ಮಾಡಿಕೊಂಡು ಕುಡಿದಿದ್ದರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು, ನೆಂಟರು ಬುತ್ತಿ ತರಬೇಕು ಎನ್ನುವ ಪದ್ಧತಿ ಅವರಿಗೂ ಗೊತ್ತಿತ್ತು. ತರುವವರು ಇರಲಿಲ್ಲ.

ನಾಲ್ಕು ವರ್ಷ ಕಳೆದವು. ಒಂದು ಬೆಳಿಗ್ಗೆ ನೀರು ಬದಲಿಸಲು ಪೆಟ್ಟಿಗೆ ತೆರೆದಾಗ ಕಪ್ಪೆ ಎಲೆಯ ಮೇಲೆ ಹಾಗೆಯೇ ಕೂತು ಸತ್ತಿತ್ತು. ವಯಸ್ಸಾಗಿತ್ತು. ಅಳು ಬಂತು, ಕಪ್ಪೆಗಾಗಿ ಅಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅತ್ತರು.

ಸಾವನ್ನು ದಾಖಲಿಸಬೇಕೆಂಬ ನಿಯಮ ಅವರದೇ. ಹತ್ತಿ ಸವರಿ ಯಂತ್ರಕ್ಕಿಟ್ಟರು. ಎರಡು ನಿಮಿಷ ಕಣ್ಣು ಮುಚ್ಚಿಕೊಂಡರು. ತೆರೆದಾಗ ಪರದೆಯ ಮೇಲೆ ಬರೆದಿತ್ತು: ಹುಟ್ಟು, ಕಾಡು. ಬಂಧುಗಳು, ಒಂದು. ಒಂದೇ ತಾಯಿಯ ಅಣ್ಣ, ಮೃತ. ಸಾಕಿದವರು, ಬಸಲಿಂಗಪ್ಪ ಕಮ್ಮಾರ, ಹುಬ್ಬಳ್ಳಿ.

ಆ ಸ್ಟೀಲಿನ ಡಬ್ಬಿ ನೆನಪಾಯಿತು. ಒಂದೇ ಹೊಂಡದಿಂದ ಬಾಚಿ ಒಂದೇ ಚೀಲಕ್ಕೆ ತುಂಬಿದವು; ಅದರಲ್ಲಿ ಆಶ್ಚರ್ಯವೇನಿರಲಿಲ್ಲ. ಆದರೂ ಅವರು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಸುದ್ದಿ ಆಗಲೇ ಹೋಗಿದೆ ಎಂಬುದು ಅವರ ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನ ಒಂದರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕರೆಗಂಟೆ ಇದ್ದರೂ ಬಡಿಯುವವನು ಒಬ್ಬನೇ. ಬಸಲಿಂಗಪ್ಪ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆಯ ಗಂಟು.

"ಫೋನಿಗೆ ಸುದ್ದಿ ಬಂತು," ಎಂದ. "ರೊಟ್ಟಿ, ಬ್ಯಾಳಿ ತಂದೀನಿ. ನನಗ ನೆಟ್ಟಗ ಬಡೀಲಿಕ್ಕೆ ಬರೂದಿಲ್ಲ, ದಪ್ಪ ಆಗ್ಯಾವು."

ನೀಲಗಂಗಾ ಏನೋ ಹೇಳಲು ಹೋದರು. ಅದು ಕೇವಲ ರೋಗದ ಎಚ್ಚರಿಕೆ, ಬಂದು ಹೋಗುವ ಅಗತ್ಯವಿರಲಿಲ್ಲ, ಎಂದೇನೋ ಇರಬೇಕು. ಆದರೆ ಬದಿಗೆ ಸರಿದು ದಾರಿ ಬಿಟ್ಟರು.

ಅವನು ಒಳಗೆ ಬಂದವನೇ ನೇರ ಅಡಿಗೆಮನೆಗೆ ಹೋಗಿ ಒಲೆಯನ್ನು ಮುಟ್ಟಿ ನೋಡಿದ. ತಣ್ಣಗಿತ್ತು.

"ಮುಂಜಾನಿಂದ ಏನೂ ತಿಂದಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಗಂಟು ಬಿಚ್ಚಿ, ತಟ್ಟೆ ಹುಡುಕಿ ಎರಡನ್ನು ಇಟ್ಟ. "ಕೂಡು ತಂಗಿ. ಮೊದಲ ಉಣ್ಣು."