ಅಮಾವಾಸ್ಯೆಗೊಮ್ಮೆ ನಿಲ್ಲುವ ಮಿಲ್ಲು

ಅಮರೇಶ್ವರಿ ಆ ಶೆಡ್ಡು ನೋಡಲು ಹೋದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ಯಾವ ಹೆಣ್ಣುಮಗಳೂ ಕೂದಲಿಗೆ ಕತ್ತರಿ ತಾಕಿಸಿಕೊಳ್ಳುವುದಿಲ್ಲ. ಪಾರ್ಲರಿನ ಬಾಗಿಲು ತೆಗೆದರೂ ಒಂದೇ, ಮುಚ್ಚಿದರೂ ಒಂದೇ. ಹಾಗಾಗಿ ಅವತ್ತೇ ಬಿಡುವಾಯಿತು.

ಸಿಂಧನೂರಿನ ಬಜಾರದಲ್ಲಿದ್ದ ಅವಳ ಅಂಗಡಿಯನ್ನು ಮಾಲಕರು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುವವರಿದ್ದರು. ಬಜಾರದಲ್ಲಿ ಬೇರೆ ಕಡೆ ಬಾಡಿಗೆ ಕೈಗೆಟುಕಲಿಲ್ಲ. ಸಿಕ್ಕಿದ್ದು ಊರ ಹೊರಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ, ರೈಸ್ ಮಿಲ್ಲಿನ ಗೋಡೆಗೆ ಅಂಟಿಕೊಂಡ ಒಂದು ಶೆಡ್ಡು. ಮೊದಲು ಅಲ್ಲಿ ಪಂಪ್‌ಸೆಟ್ ರಿಪೇರಿ ನಡೆಯುತ್ತಿತ್ತಂತೆ. ಮುಂದೊಂದು ಬೇವಿನ ಮರ. ಸುತ್ತ ಎಂಥ ಮೌನವೆಂದರೆ, ಬೇವಿನ ಹಣ್ಣು ತಗಡಿನ ಮೇಲೆ ಬಿದ್ದರೆ ಕೇಳುತ್ತಿತ್ತು. ಗುಡಿಯ ಹಿಂದಿನ ಪೌಳಿಯಲ್ಲಿ ನಿಂತ ಹಾಗಿತ್ತು ಅವಳಿಗೆ.

‘ಇಲ್ಲಿ ಫೇಶಿಯಲ್‌ಗೆ ಮಲಗಿದವರು ಏಳೋದೇ ಇಲ್ಲ’ ಎಂದುಕೊಂಡು ಒಳಗೊಳಗೇ ನಕ್ಕಳು.

ಮಿಲ್ಲಿನ ಬಾಗಿಲಲ್ಲಿ ಒಬ್ಬಾತ ಯಂತ್ರಕ್ಕೆ ವಿಭೂತಿ ಹಚ್ಚಿ, ಅದರ ಚಕ್ರ ತಿರುಗಿಸುವ ಪಟ್ಟಾಕ್ಕೆ ಕುಂಕುಮವಿಟ್ಟು, ಕಾಯಿ ಒಡೆಯುತ್ತಿದ್ದ. ಬಾಯಲ್ಲಿ ಯಾವುದೋ ಭಜನೆಯ ಪದ. ಅವಳನ್ನು ಕಂಡವನು ಪದವನ್ನು ಅರ್ಧಕ್ಕೇ ಬಿಟ್ಟು, ಒಂದು ಕಾಯಿಹೋಳನ್ನು ಎರಡೂ ಕೈಯಲ್ಲಿ ಹಿಡಿದು ಬಂದ.

“ತಗೋರಿ. ಪ್ರಸಾದ.”

“ಇಲ್ಲಿ ನೀರು ಬರ್ತಾವೇನ್ರಿ?”

“ಬರ್ತಾವ್ರಿ. ಬೋರು ಐತಿ.”

“ಕರೆಂಟು?”

“ಬಜಾರಕ್ಕಿಂತ ಚಲೋ.”

ಇನ್ನೂ ಏನೋ ಹೇಳುವವನಂತೆ ಬಾಯಿ ತೆರೆದ. ಅವಳು ಕಾಯಿಹೋಳನ್ನು ಕಣ್ಣಿಗೊತ್ತಿಕೊಂಡಳು. ಅವನು ಅದನ್ನೇ ನೋಡುತ್ತ ನಿಂತ, ತೆರೆದ ಬಾಯಿ ಹಾಗೇ ಮುಚ್ಚಿತು. ಅವಳು ಅವತ್ತೇ ಅಡ್ವಾನ್ಸ್ ಕೊಟ್ಟು ಬಂದಳು.

ಸಾಮಾನು ಸಾಗಿಸಿ, ಹಾಲುಕ್ಕಿಸಿ, ‘ಅಂಬಾದೇವಿ ಬ್ಯೂಟಿ ಪಾರ್ಲರ್, ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡು ತೂಗುಹಾಕಿದ ಬೆಳಿಗ್ಗೆಯೇ ಗೋಡೆಯ ಆಚೆ ಏನೋ ಎದ್ದು ಕೂತಂತೆ ಸದ್ದಾಯಿತು. ನೆಲ ನಡುಗಿತು. ದೊಡ್ಡ ಕನ್ನಡಿ ನಡುಗಿತು, ಅದರೊಳಗಿನ ಅವಳ ಮುಖವೂ ನಡುಗಿತು. ಆಮೇಲೆ ಧೂಳು ಬಂತು. ಬಣ್ಣ ಬಣ್ಣದ ಬಾಟಲಿಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಒಂದೇ ಬಣ್ಣದವಾದವು.

ಮೊದಲ ಗಿರಾಕಿ, ಸಾಲಗುಂದದ ಭಾರತಿ ಟೀಚರು, ತಲೆ ತೊಳೆಸಿಕೊಂಡು ಕೂತವರು ಹಸಿ ಕೂದಲಲ್ಲಿ ಕೈಯಾಡಿಸಿ ಕನ್ನಡಿಯಲ್ಲೇ ಅವಳನ್ನು ನೋಡಿದರು.

“ಅಲ್ಲ ಅಮರಕ್ಕ, ನೀ ತಲಿ ತೊಳದ್ಯೋ, ಕಣದಾಗ ನಿಲ್ಲಿಸಿ ತೂರಿದ್ಯೋ?”

ಕೂದಲ ತುಂಬ ಭತ್ತದ ಹೊಟ್ಟು.

ಅಮರೇಶ್ವರಿ ಏಪ್ರನ್ನಿನಲ್ಲೇ ಮಿಲ್ಲಿಗೆ ನುಗ್ಗಿದಳು. ಕಾಯಿ ಕೊಟ್ಟವನು ಅಲ್ಲಿನ ಆಪರೇಟರ್, ಹೆಸರು ಹುಲಿಗೇಶ. ಒಳಗೆ ಮಾತು ಕೇಳುವಂತಿರಲಿಲ್ಲ. ಅವನು ಕೈಸನ್ನೆ ಮಾಡಿ ಬೇವಿನ ಮರದ ಕೆಳಗೆ ಕರೆತಂದ.

“ಅವತ್ತ ಹೇಳಬಾರದೇನ್ರಿ?”

“ನೀವು ನೀರು ಕೇಳಿದ್ರಿ, ಕರೆಂಟು ಕೇಳಿದ್ರಿ. ಗದ್ದಲ ಕೇಳಲಿಲ್ಲಲ್ರಿ.”

“ಗದ್ದಲ ಇದ್ದಿದ್ರ ಕೇಳ್ತಿದ್ನಲ್ರಿ!”

ಅವನು ತಲೆ ತಗ್ಗಿಸಿದ. ನಗು ತಡೆದುಕೊಳ್ಳುತ್ತಿದ್ದಾನೆಂದು ಅವಳಿಗೆ ಅವನ ಭುಜ ನೋಡಿಯೇ ತಿಳಿಯಿತು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಸಣ್ಣ ಹೊಟ್ಟು ಕೂತು ಅವನು ಬಿಸಿಲಲ್ಲಿ ಬಂಗಾರದ ಪುಡಿ ಸವರಿಕೊಂಡವನ ಹಾಗೆ ಕಾಣುತ್ತಿದ್ದ. ಸಿಟ್ಟು ಮಾಡಲು ಬಂದವಳಿಗೆ ಅದನ್ನು ಒರೆಸಬೇಕೆನಿಸಿದ್ದು ಯಾಕೋ.

ಅಡ್ವಾನ್ಸ್ ವಾಪಸ್ಸು ಬರುವ ಹಾಗಿರಲಿಲ್ಲ. ಅವಳು ಉಳಿದಳು.

ಕೂದಲಿನ ಕೆಲಸ ಮಾಡುವವರು ಮನುಷ್ಯರನ್ನು ಎದುರಿಗೆ ನೋಡುವುದು ಕಡಿಮೆ, ಕನ್ನಡಿಯಲ್ಲೇ ಮಾತು, ಕನ್ನಡಿಯಲ್ಲೇ ನಗು. ಅವಳ ಕನ್ನಡಿಯ ಬಲಮೂಲೆಯಲ್ಲಿ ಮಿಲ್ಲಿನ ಬಾಗಿಲು ಕಾಣುತ್ತಿತ್ತು. ಹುಲಿಗೇಶ ಆಗಾಗ ಆ ಬಾಗಿಲಿಗೆ ಬಂದು, ಕೊರಳ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಈ ಕಡೆ ಒಮ್ಮೆ ನೋಡಿ ಹೋಗುತ್ತಿದ್ದ. ಅವಳ ಬೆನ್ನನ್ನಷ್ಟೇ ನೋಡಿದೆನೆಂದು ಅವನು ತಿಳಿದಿದ್ದ. ಅವಳು ಅವನ ಮುಖ ನೋಡುತ್ತಿದ್ದಳು.

ಮಾತಾಡಲು ಮಾತ್ರ ಅಮಾವಾಸ್ಯೆ ಬರಬೇಕು. ಅವತ್ತು ಯಂತ್ರಕ್ಕೆ ಪೂಜೆ, ಮಿಲ್ಲು ಬಂದ್. ಅವತ್ತು ಕತ್ತರಿಗೂ ಬಿಡುವು. ಲೋಕದ ಪ್ರೀತಿಯೆಲ್ಲ ಬೆಳದಿಂಗಳು ಕಾಯುತ್ತದೆ. ಇವರಿಬ್ಬರು ಚಂದ್ರನಿಲ್ಲದ ದಿನವನ್ನು ಕಾದರು.

ನಾಗರ ಅಮಾವಾಸ್ಯೆಗೆ ಅವನು ಅವಳ ಬಾಗಿಲಿಗೆ ಗೋಣಿತಟ್ಟಿನ ಪರದೆ ಹೊಲಿದು ಕಟ್ಟಿಕೊಟ್ಟ. ಮುಂದಿನ ಅಮಾವಾಸ್ಯೆಗೆ ಅವಳು ತಿನ್ನಲು ಮಂಡಾಳ ಒಗ್ಗರಣೆ ತಂದಳು. ಅವನು ಭಜನೆಗೆ ಹೋಗುವ ಮಠದ ಮಾತಾಡಿದ.

“ಪದ ಹೇಳ್ತೀರಿ, ಅರ್ಥ ಗೊತ್ತೇನು?” ಎಂದು ಕೆಣಕಿದಳು.

“ಅರ್ಧ ಗೊತ್ತೈತ್ರಿ.”

“ಉಳಿದರ್ಧ?”

“ಹೇಳ್ತಾ ಹೇಳ್ತಾ ಎಂದಾದ್ರೂ ಒಂದಿನ ತಿಳೀಬೌದು ಅಂತ ಹೇಳಾಕತ್ತೀನಿ.”

ಆ ಮಾತನ್ನು ಅವಳು ಮುಂದಿನ ಅಮಾವಾಸ್ಯೆಯವರೆಗೆ ಮನಸ್ಸಿನಲ್ಲಿ ಹೊತ್ತು ತಿರುಗಿದಳು.

ಸುಗ್ಗಿ ಶುರುವಾಯಿತು. ಕಾಲುವೆ ಕಡೆಯ ಭತ್ತ ಲಾರಿಗಟ್ಟಲೆ ಬಂತು, ಅದರೊಂದಿಗೆ ಧೂಳೂ. ಪರದೆ ಸಾಲಲಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಬಜಾರದ ಬೇರೆ ಪಾರ್ಲರಿಗೆ ಹೊರಳಿದರು. ಅಷ್ಟರಲ್ಲಿ ಲಿಂಗಸೂಗೂರಿನಿಂದ ಅಣ್ಣ ಪಂಪಣ್ಣನ ಫೋನು.

“ನಮ್ಮ ಬಸ್‌ಸ್ಟ್ಯಾಂಡ್ ಕಡೆ ಒಂದು ಮಳಿಗಿ ಖಾಲಿ ಆಗೈತಿ ತಂಗಿ. ಎಳ್ಳ ಅಮಾಸಿತನಕ ಕಾಯ್ತಾರಂತ. ಮದುವಿ ಬ್ಯಾಡ ಅಂದಿ, ಸುಮ್ಮನಾದೆ. ಮನಿಗಾದ್ರೂ ಬಾ.”

ದೀಪಾವಳಿ ಅಮಾವಾಸ್ಯೆಗೆ ಬೇವಿನ ಮರದ ಕೆಳಗೆ ಅವಳು ಅದನ್ನೇ ಹೇಳಿದಳು. ಹೇಳಿ ಅವನ ಮುಖ ನೋಡಿದಳು. ಬೇಡ ಅನ್ನಲಿ ಎಂದು ಕಾದಳು.

“ಅಲ್ಲಿ ಧೂಳು ಇರೂದಿಲ್ಲೇನ್ರಿ?”

“ಇಲ್ಲಂತ.”

“ಹೂಂ” ಎಂದ ಹುಲಿಗೇಶ. ಅಷ್ಟೇ.

ಅದಾದ ಮೇಲೆ ಮಿಲ್ಲಿನ ಬಾಗಿಲಲ್ಲಿ ಅವನು ಕಾಣಲಿಲ್ಲ. ಬೇರೊಬ್ಬ ಆಪರೇಟರ್ ಬೀಡಿ ಸೇದುತ್ತ ನಿಲ್ಲುತ್ತಿದ್ದ. ಯಂತ್ರದ ಗುಡುಗು ಇತ್ತು. ಆದರೆ ವಿಚಿತ್ರವೆಂಬಂತೆ ಧೂಳು ಕಡಿಮೆಯಾಯಿತು. ಬಾಟಲಿಗಳಿಗೆ ಅವುಗಳ ಬಣ್ಣ ಮರಳಿತು. ಭಾರತಿ ಟೀಚರು ಬಂದರು, ಅವರ ಬೆನ್ನಿಗೆ ಅವರ ಶಾಲೆಯ ಟೀಚರೆಲ್ಲ ಬಂದರು. ಮಸ್ಕಿಯಿಂದ ಒಬ್ಬ ಮದುಮಗಳನ್ನೂ ಕರೆತಂದರು.

ಕನ್ನಡಿ ಈಗ ನಿಚ್ಚಳವಾಗಿತ್ತು, ಅದರ ಬಲಮೂಲೆ ಖಾಲಿ. ನಡುವೆ ಬಂದ ಅಮಾವಾಸ್ಯೆಗೂ ಅವನಿಲ್ಲ. ಊರಿಗೆ, ಸಂತೆಕಲ್ಲೂರಿಗೆ ಹೋಗ್ಯಾನ ಅಂದರು. ‘ಹೋಗ್ತೀನಿ ಅಂದಾಕಿ ನಾನು. ಅವನು ನನಗಿಂತ ಮೊದಲ ಹೋದ’ ಎಂದುಕೊಂಡಳು. ದೇವರ ಮುಂದೆ ದೀಪ ಹಚ್ಚಿ ನಿಂತರೂ ಬೇಡಿಕೊಳ್ಳಲು ಏನೂ ಹೊಳೆಯದೆ ಸುಮ್ಮನೆ ನಿಲ್ಲುತ್ತಿದ್ದಳು. ಅಣ್ಣನಿಗೆ ಹೂಂ ಅಂದುಬಿಡುವುದೇ ಸರಿ ಅನ್ನಿಸಿತು.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ, ಮಿಲ್ಲಿನಲ್ಲಿ ಕಸಗೂಡಿಸುವ ಗಾಳೆಮ್ಮ ಹಬ್ಬಕ್ಕೆಂದು ತಲೆ ತೊಳೆಸಿಕೊಳ್ಳಲು ಬಂದು ಕೂತಳು.

“ಬಿಸಿನೀರು ಜರಾ ಹೆಚ್ಚಿಗಿ ಹಾಕವ್ವ. ವರ್ಷದ ಹೊಟ್ಟೆಲ್ಲ ನನ್ನ ತಲ್ಯಾಗ ಐತಿ.”

“ಈಗ ಮಿಲ್ಲಿನಾಗ ಹೊಟ್ಟು ಕಡಿಮಿ ಆಗೈತಲ್ಲ ಗಾಳೆಮ್ಮ?”

“ಯಾರಂದ್ರು? ನೆಲ್ಲು ತೂರೋ ಮಶೀನು ಈಗ ರಾತ್ರಿ ಹಚ್ತಾರ. ಧೂಳೆಲ್ಲ ಅದರದ. ರಾತ್ರಿಪಾಳಿ ಎಲ್ಲಾರೂ ಒಲ್ಲೆ ಅಂದಾಗ, ಹುಲಿಗೇಶ ನಾ ಮಾಡ್ತೀನಿ ಅಂತ ಮಾಲಕರಿಗೆ ತಾನಾಗೇ ಹೇಳ್ಯಾನ. ‘ಬಾಜೂಕ ಹೆಣ್ಮಕ್ಕಳು ತಲಿ ತೊಳಸ್ಕೋತಾರ, ಹಗಲಿ ಹಚ್ಚಬ್ಯಾಡ್ರಿ’ ಅಂದ. ರಾತ್ರಿಯೆಲ್ಲ ದುಡೀತಾನ, ಹಗಲಿ ತಗಡಿನ ಖೋಲ್ಯಾಗ ಕುದ್ದು ಮಲಗ್ತಾನ. ಹೋದ ಅಮಾಸಿಗೆ ನಿದ್ದಿ ಮಾಡಾಕಂತನ ಊರಿಗೆ ಹೋಗಿದ್ದ ಪಾಪ. ಕಣ್ಣು ನೋಡಬೇಕ ಅವನವು, ಮೆಣಸಿನಕಾಯಿ ಆಗ್ಯಾವ.”

ಅಮರೇಶ್ವರಿಯ ಕೈ ನಿಂತಿತು. ನೀರು ಸುರಿಯುತ್ತಲೇ ಇತ್ತು.

“ನನಗ್ಯಾಕ ಯಾರೂ ಹೇಳಲಿಲ್ಲ?”

“ಹೇಳಬ್ಯಾಡ ಅಂತ ಆಣಿ ಹಾಕ್ಯಾನ. ನಾನೇನೂ ಹೇಳಿಲ್ಲ ನೋಡವ್ವ ಮತ್ತ. ಕಿವ್ಯಾಗ ನೀರು ಹೊಂಟಾವ, ಸರಿಯಾಗಿ ಹಿಡಿ.”

ಅವನು ಅವಳಿಗೆ ನಿಚ್ಚಳ ಹಗಲು ಕೊಟ್ಟು, ಅದರೊಳಗಿಂದ ತಾನು ಎದ್ದು ಹೋಗಿದ್ದ. ಧೂಳಿಲ್ಲದ ಕಡೆ ಹೋಗಬೇಡ ಎಂದು ಬಾಯಿಬಿಟ್ಟು ಹೇಳಲಾಗದವನು, ಅವಳಿದ್ದ ಕಡೆಯ ಧೂಳನ್ನು ತನ್ನ ತಲೆಯ ಮೇಲೆ ಹಾಕಿಕೊಂಡಿದ್ದ.

ಎಳ್ಳ ಅಮಾವಾಸ್ಯೆಯ ದಿನ ಮಿಲ್ಲು ನಿಂತಿತ್ತು. ಜನರೆಲ್ಲ ಹೊಲಕ್ಕೆ, ಭೂತಾಯಿಗೆ ಎಡೆಯ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಅಮರೇಶ್ವರಿಯೂ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡಳು. ಹೊಲಕ್ಕಲ್ಲ, ಬೇವಿನ ಮರಕ್ಕೆ.

ಹುಲಿಗೇಶ ಪಟ್ಟಾಕ್ಕೆ ಕುಂಕುಮವಿಟ್ಟು ಹೊರಬಂದ. ಕೂದಲು ಕಿವಿ ಮುಚ್ಚಿ ಕೊರಳಿಗಿಳಿದಿತ್ತು.

“ಏನ್ರಿ ಇದು, ಸನ್ಯಾಸ ತಗೊಂಡೀರೇನು?”

“ಕ್ಷೌರದಂಗಡಿ ತೆರದಾಗ ನಾ ಮಲಗಿರ್ತೀನ್ರಿ. ನನಗ ಬಿಡುವು ಅಂದ್ರ ಅಮಾಸಿ. ಅವತ್ತ ಅವ್ರು ಮುಚ್ಚಿರ್ತಾರ.” ಬುತ್ತಿಯ ಗಂಟು ನೋಡಿದ. ಮುಖ ಬಾಡಿತು. “ಲಿಂಗಸೂಗೂರಿಗೆ ಹೊಂಟ್ರೇನ್ರಿ?”

“ಅಣ್ಣಗ ಬೆಳಿಗ್ಗೆ ಫೋನ್ ಮಾಡಿದ್ದೆ. ಮಳಿಗಿ ಬ್ಯಾಡ ಅಂದೆ.”

“ಯಾಕ್ರಿ?”

“ಅಲ್ಲಿ ಬಾಳ ಶಾಂತ ಐತಂತ. ನನಗ ರೂಢಿ ತಪ್ಪೈತಿ.”

ಬೇವಿನ ಒಣಗಿದ ಎಲೆಯೊಂದು ತಗಡಿನ ಮೇಲೆ ಸರಿದದ್ದೂ ಕೇಳಿಸಿತು. ಅವನು ಕೊರಳ ಟವೆಲ್ಲು ತೆಗೆದು ಕೈಗೆ ಸುತ್ತಿಕೊಂಡ.

“ಮೊದಲನೇ ದಿನ, ನೀವು ಬಂದಾಗ, ಗದ್ದಲ ಇರ್ತೈತಿ ಅಂತ ಹೇಳಾಕ ಬಾಯಿ ತೆರದಿದ್ದೆ. ನೀವು ಕಾಯಿಹೋಳು ಕಣ್ಣಿಗೊತ್ತಿಕೊಂಡ್ರಿ. ಹೇಳಿದ್ರ ತಿರುಗಿ ಹೋಗಿಬಿಡ್ತಾರ ಅನಿಸ್ತು. ಹೇಳಲಿಲ್ಲ. ಆಮ್ಯಾಲ ನಿಮಗ ಆದ ನಷ್ಟ ನೋಡಿ...”

“ಅದಕ ರಾತ್ರಿಪಾಳಿನಾ?”

“ಗಾಳೆಮ್ಮ ಹೇಳ್ಯಾಳೇನು?”

“ಆಕಿ ಏನೂ ಹೇಳಿಲ್ಲ ಅಂತ ಹೇಳ್ಯಾಳ.”

ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಕಣ್ಣು ತೆಗೆಯಲಾಗಲಿಲ್ಲ. ಕನ್ನಡಿ ನಡುವೆ ಇರಲಿಲ್ಲ, ಯಂತ್ರದ ಸದ್ದೂ ಇರಲಿಲ್ಲ. ಅಡಗಿಕೊಳ್ಳಲು ಜಾಗವೇ ಇರಲಿಲ್ಲ ಇಬ್ಬರಿಗೂ.

“ನಾಳೆ ಪಾಡ್ಯ. ಇವತ್ತ ರಾತ್ರಿ ಮಿಲ್ಲು ಮತ್ತ ಚಾಲೂ ಆಕ್ಕೈತಲ್ಲ, ಪಾಳಿ ಮುಗಿಸಿ ಸೀದಾ ಪಾರ್ಲರಿಗೆ ಬರ್ರಿ. ಕತ್ತರಿ ಹಾಕ್ತೀನಿ.”

ಹುಲಿಗೇಶ ಬೋರ್ಡಿನ ಕಡೆ ಕಣ್ಣು ಹಾಯಿಸಿದ. “ಮಹಿಳೆಯರಿಗೆ ಮಾತ್ರ ಅಂತ ಬರದೀರಲ್ರಿ.”

“ಅದು ಗಿರಾಕಿಗಳಿಗೆ” ಎಂದಳು ಅಮರೇಶ್ವರಿ, ಬುತ್ತಿಯ ಗಂಟು ಬಿಚ್ಚುತ್ತ. “ಮನಿ ಮಂದಿಗಲ್ಲ.”

ಅವನು ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೂತ. ಆಮೇಲೆ ಮೆಲ್ಲಗೆ ಹೇಳಿದ:

“ಹಂಗಾದ್ರ ಲಿಂಗಸೂಗೂರಿಗೆ ನಾನ ಹೋಗಬೇಕಾಕ್ಕೈತಿ. ನಿಮ್ಮಣ್ಣಗ ಕೇಳಾಕ.”

“ಹೋಗೂ ಮುಂದ ಕಟಿಂಗ್ ಮಾಡಿಸಿಕೊಂಡು ಹೋಗ್ರಿ. ಈ ಅವತಾರದಾಗ ಹೋದ್ರ ನಮ್ಮಣ್ಣ ಭಿಕ್ಷೆ ಹಾಕಿ ಕಳಿಸ್ತಾನ.”

ಪಾಡ್ಯದ ಬೆಳಗು. ಅವಳು ಬಿಸಿನೀರಿನಿಂದ ಅವನ ತಲೆ ತೊಳೆದಳು. ಬೇಸಿನ್ನಿನ ತುಂಬ ಹೊಟ್ಟು ತೇಲಿತು, ಅವಳ ಗಿರಾಕಿಗಳ ತಲೆಗೆ ಬೀಳಬೇಕಿದ್ದ ಹೊಟ್ಟೆಲ್ಲ. ಅದನ್ನು ಬೊಗಸೆಯಲ್ಲಿ ಎತ್ತಿ ಒಂದು ಗಳಿಗೆ ನೋಡಿ, ನೀರಿಗೆ ಬಿಟ್ಟಳು. ಗೋಡೆಯ ಆಚೆ ಹಗಲುಪಾಳಿ ಶುರುವಾಯಿತು. ಕನ್ನಡಿ ನಡುಗಿತು. ಅದರೊಳಗೆ ಈಗ ಎರಡು ಮುಖ ನಡುಗುತ್ತಿದ್ದವು.

ಹುಲಿಗೇಶ ಕನ್ನಡಿಯಲ್ಲಿ ಅವಳನ್ನು ನೋಡುತ್ತ ಏನೋ ಹೇಳಿದ. ಸದ್ದಿನಲ್ಲಿ ಕೇಳಲಿಲ್ಲ.

ಅಮರೇಶ್ವರಿ ಕತ್ತರಿ ಕೆಳಗಿಟ್ಟು, ಕುರ್ಚಿಯನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಈಗ ಹೇಳ್ರಿ” ಅಂದಳು.