ಕಾಣೆಯಾದ ಒಂದು ಮೊಳ ಹಗ್ಗ

ನಡುಬೇಸಿಗೆಯ ಒಂದು ಮಂಗಳವಾರ, ಬೆಳಗ್ಗೆ ಎಂಟೂವರೆ ಗಂಟೆ. ಕೇಬಲ್ ಡಿಪೋದ ಗೇಟಿನಲ್ಲಿ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೆ. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ, ಕ್ರೇನಿಗೆ ಕಟ್ಟಿದ್ದ ಉಕ್ಕಿನ ಹಗ್ಗ ಕಡಿದು, ಕೇಬಲ್ ಸುತ್ತಿದ ದೊಡ್ಡ ಉರುಳೆ ಬಿದ್ದು ನಮ್ಮ ಜಾಯಿಂಟರ್ ಸತ್ತಿದ್ದ. ಕೇಬಲ್ಲಿನ ತುದಿಗೆ ತುದಿ ಕೂಡಿಸುವವನು ಅವನು. ಪುಸ್ತಕದ ಅವನ ಸಾಲಿನಲ್ಲಿ ಆವತ್ತಿನ ಚೌಕ ಖಾಲಿ ಇತ್ತು. ಅದು ಕಣ್ಣಿಗೆ ಬೀಳದಂತೆ ಬೆರಳು ಅಡ್ಡ ಇಟ್ಟುಕೊಂಡೇ ಉಳಿದವರ ಸಹಿ ಹಾಕಿಸಿದೆ.

ನಮ್ಮ ಮೇಸ್ತ್ರಿ ಸತ್ತವನ ಹೆಂಡತಿಯ ಅಣ್ಣ. ಅವನ ಸಹಿ ಯಾವಾಗಲೂ ಮುತ್ತು ಪೋಣಿಸಿದ ಹಾಗೆ. ಆವತ್ತು ಇರುವೆ ನಡೆದ ಹಾಗೆ ಇತ್ತು. ತಂಗಿಯ ಬಾಳು ಹಾಳಾದ ಮಾರನೆಯ ದಿನ ಯಾರ ಕೈ ತಾನೆ ನೆಟ್ಟಗಿರುತ್ತದೆ ಎಂದುಕೊಂಡೆ. ಓದು ಕಮ್ಮಿ ಇದ್ದವನಿಗೆ ಅಕ್ಷರ ಕಾಣುತ್ತದೆ, ಅರ್ಥ ತಡವಾಗಿ ಕಾಣುತ್ತದೆ.

ಅಷ್ಟರಲ್ಲಿ ಆ ತಂಗಿಯೇ ಬಂದಳು. ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು, ಮಧ್ಯಾಹ್ನಕ್ಕೆ ಕೊಡುತ್ತೇವೆ ಎಂದಿದ್ದರಂತೆ. ನನ್ನ ಕಡೆ ನೋಡದೆ ನೇರ ಟೂಲ್ ರೂಮಿಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಟೂಲ್ ರೂಮಿನ ಅಕ್ಕನ ಬಗ್ಗೆ ಎರಡು ಮಾತು ಹೇಳಬೇಕು. ಅವಳ ವಾಸವೂ ಅಲ್ಲೇ, ಹಿಂದಿನ ಒಂಟಿ ಕೋಣೆಯಲ್ಲಿ. ಕಟ್ಟರಿನ ಅಲಗು, ವಾಷರು, ಪೈಪು ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡುತ್ತಿದ್ದುದರಿಂದ ಬೆನ್ನ ಹಿಂದೆ ಅವಳನ್ನು ಭೂತಗನ್ನಡಿ ಅನ್ನುತ್ತಿದ್ದರು. ಎಣ್ಣೆ ಡಬ್ಬಿಗೆ ನೀರು ಬೆರೆಸಿದವನನ್ನೂ ಬೀಗ ಬದಲಿಸಿದವನನ್ನೂ ಅವಳೇ ಹಿಡಿದುಕೊಟ್ಟಿದ್ದಳು. ನನಗೆ ಐವತ್ತು ದಾಟಿದ ಮೇಲೆ ಅಕ್ಷರ ಕಲಿಸಿದವಳೂ ಅವಳೇ. ಗೋಡೆಯ ಮೇಲಿನ ಅವಳ ಹಲಗೆಯೇ ನನ್ನ ಮೊದಲ ಪುಸ್ತಕ: 'ಈ ಕಟ್ಟರು ತಾಮ್ರ, ಅಲ್ಯೂಮಿನಿಯಂ ಕೇಬಲ್ಲಿಗೆ ಮಾತ್ರ. ಉಕ್ಕು ಕತ್ತರಿಸಬೇಡಿ. ಪೈಪಿನ ಎಣ್ಣೆ ಸೋರಿಕೆ ಹುಡುಕಲು ಕೈ ಇಡಬೇಡಿ, ರಟ್ಟು ಹಿಡಿಯಿರಿ. ಕೆಲಸ ಮುಗಿದರೆ ಒತ್ತಡ ಬಿಟ್ಟು, ಅಲಗು ಒರೆಸಿ ಇಡಿ.'

"ಅಕ್ಕ, ನಮ್ಮನೆಯವರದ್ದೇ ತಪ್ಪು ಅಂತ ಬರೀತಾರಂತೆ," ಎಂದಳು ಹೆಂಗಸು. "ಉರುಳೆ ಅಂಚಿಗೆ ಗೋಣಿ ಮಡಚಿ ಇಡ್ದೆ ಹಗ್ಗ ಹಾಕಿದ್ರಂತೆ, ಅಂಚು ತಾಗಿ ಕಡೀತಂತೆ. ಊಟದ ಡಬ್ಬಿಗೂ ಬಟ್ಟೆ ಸುತ್ತೋ ಮನುಷ್ಯ ಅಕ್ಕ ಅವರು. ಗೋಣಿ ಮರೀತಾರಾ?"

"ಯಾರು ಹೇಳಿದ್ದು?"

"ಡಿಪೋ ಸಾಹೇಬ್ರು. ನಮ್ಮಣ್ಣನೂ ಹೂಂ ಅಂದ. ಹತ್ತು ಗಂಟೆಗೆ ತನಿಖೆಯವರು ಬಂದು ಬರ್ಕೊಂಡು ಹೋಗ್ತಾರಂತೆ. ಮಗಳು ಚಿಕ್ಕೋಳು. ಅಪ್ಪ ಹೇಗೆ ಸತ್ತ ಅಂತ ಕೇಳಿದ್ರೆ, ತನ್ನ ತಪ್ಪಿಂದ ತಾನೇ ಸತ್ತ ಅಂತ ಹೇಳ್ಲಾ?"

ಅಕ್ಕ ಸಮಾಧಾನ ಹೇಳುವವಳಲ್ಲ. ಸ್ಟೂಲು ಎಳೆದು ಹಾಕಿ, "ಕೂತ್ಕೋ. ಹತ್ತಕ್ಕೆ ಇನ್ನೂ ಟೈಮಿದೆ," ಎಂದಳು. ಟೇಪು, ಭೂತಗನ್ನಡಿ ತೆಗೆದುಕೊಂಡು, "ಬನ್ನಿ ಮಾಮ," ಎಂದು ನನ್ನನ್ನು ಕರೆದುಕೊಂಡು ಹೊರಟಳು.

ಅಂಗಳದಲ್ಲಿ ಉರುಳೆ ಬಿದ್ದಲ್ಲೇ ಇತ್ತು. ಪಕ್ಕದಲ್ಲಿ ಹಗ್ಗದ ಎರಡು ತುಂಡು. ಉರುಳೆಯ ಅಡಿಯಿಂದ ಹರಿದ ಗೋಣಿಯ ಚೂರೊಂದು ಇಣುಕುತ್ತಿತ್ತು. ಅಕ್ಕ ಅದನ್ನು ಕಾಲಿನಿಂದ ತೋರಿಸಿದಳು. ಹಗ್ಗದ ತುದಿಗಳನ್ನು ನೋಡಿ ಕನ್ನಡಿ ನನ್ನ ಕೈಗೆ ಕೊಟ್ಟಳು.

"ಏನು ಕಾಣುತ್ತೆ ಮಾಮ?"

"ಫಳಫಳ ಅನ್ನುತ್ತೆ. ತುಕ್ಕಿಲ್ಲ. ತುದಿ ಚಪ್ಪಟೆ, ಹಲ್ಲಲ್ಲಿ ಕಚ್ಚಿದ ಕಡ್ಡಿ ಹಾಗೆ."

"ಭಾರಕ್ಕೆ ಹರಿದ ಹಗ್ಗದ ತುದಿ ಪೊರಕೆ ಹಾಗೆ ಕೆದರುತ್ತೆ. ಇದು ಯಾವುದೋ ಬಾಯಿಗೆ ಸಿಕ್ಕಿದ್ದು."

ಎರಡೂ ತುಂಡು ಅಳೆದಳು. ಹಗ್ಗಕ್ಕೆ ಕಟ್ಟಿದ್ದ ತಗಡಿನ ಚೀಟಿಯಲ್ಲಿ ನಾಲ್ಕು ಮೀಟರ್ ಎಂದಿತ್ತು. ಟೇಪಿನಲ್ಲಿ ಮೂರೂವರೆ ಬಂತು.

"ಅಂದ್ರೆ ಒಂದು ಮೊಳ ಕಮ್ಮಿ," ಎಂದೆ. "ಗೇಟು ದಾಟಿಲ್ಲ ಅಕ್ಕ. ನಿನ್ನೆ ಹೊರಗೆ ಹೋದ ಒಂದೊಂದು ಚೀಲನೂ ತಡವಿದ್ದೀನಿ."

"ಹಾಗಾದ್ರೆ ಇಲ್ಲೇ ಇದೆ."

ತಗಡಿನ ಚೀಟಿ ಬಿಚ್ಚಿಕೊಂಡು ಟೂಲ್ ರೂಮಿಗೆ ಮರಳಿ ಕಟ್ಟರನ್ನು ಕೆಳಗಿಳಿಸಿದಳು. ಗಿಣಿಯ ಕೊಕ್ಕಿನಂಥ ತಲೆ, ಅದನ್ನು ಕೈಯಲ್ಲಿ ಹಿಡಿಯಬೇಕು. ಕಾಲಿನಿಂದ ತುಳಿಯುವ ಎಣ್ಣೆ ಪಂಪು. ಎರಡಕ್ಕೂ ನಡುವೆ ಕಪ್ಪು ಹೋಸ್ ಪೈಪು. ಅಲಗಿನ ಮೇಲೆ ಉಗುರಿನ ಗುರುತಿನಂಥ ಸಣ್ಣ ಸಣ್ಣ ಕಚ್ಚು ಬಿದ್ದಿದ್ದವು. ಭಾನುವಾರ ಅವಳೇ ಒರೆಸಿ ಇಟ್ಟಾಗ ಅಲಗು ಕನ್ನಡಿಯಂತಿತ್ತು.

"ತಾಮ್ರಕ್ಕೆ ಇದನ್ನ ಕಚ್ಚೋ ತಾಕತ್ತಿಲ್ಲ," ಎಂದಳು. ಕನ್ನಡಕ, ಕೈಗವಸು ಹಾಕಿಕೊಂಡು ಪಂಪು ತುಳಿದಳು. ಪೈಪಿನಿಂದ ದೂರ ನಿಂತು, ಉದ್ದನೆಯ ರಟ್ಟಿನ ತುದಿಯನ್ನು ಅದರ ಗುಂಟ ಸರಿಸುತ್ತ ಬಂದಳು. ನನ್ನ ಕಣ್ಣಿಗೆ ಹನಿಯೂ ಕಾಣಲಿಲ್ಲ. ಆದರೆ ಒಂದು ಕಡೆ ರಟ್ಟಿನ ಮೇಲೆ ಸೂಜಿಯಿಂದ ಗೀರಿದಂತೆ ಸೀಳು ಬಿತ್ತು.

ಅಕ್ಕ ತಟ್ಟನೆ ಪಂಪಿನ ಒತ್ತಡ ಬಿಟ್ಟಳು. "ಮಾಮ, ನಾನು ನಿನ್ನೆ ಆಸ್ಪತ್ರೆಗೆ ಹೋದಾಗ ಬೀಗದ ಕೈ ನಿಮ್ಮ ಹತ್ರ ಇತ್ತಲ್ಲ. ಯಾರ್ಯಾರು ತಗೊಂಡ್ರು?"

"ಮೂವರು. ರಕ್ತದ ಮೇಲೆ ಮುಚ್ಚೋಕೆ ಟಾರ್ಪಾಲು ಬೇಕು ಅಂತ ಕ್ರೇನ್ ಓಡಿಸೋ ಗುಬ್ಬಿ." ಆನೆಯಂಥ ಆಳಿಗೆ ನಾವು ಇಟ್ಟ ಹೆಸರು ಅದು. "ಹಾರೆ ವಾಪಸ್ ಇಡ್ತೀನಿ ಅಂತ ಮೇಸ್ತ್ರಿ. ಹಗ್ಗದ ರಿಜಿಸ್ಟರು ಬೇಕು ಅಂತ ಸಾಹೇಬ್ರು. ಆಗ ಅಂಗಳದಲ್ಲಿ ನರಪಿಳ್ಳೆ ಇರ್ಲಿಲ್ಲ ಅಕ್ಕ, ಎಲ್ಲಾ ಆಂಬುಲೆನ್ಸ್ ಹಿಂದೆ ಹೋಗಿದ್ರು."

"ಆ ಮೂವರನ್ನೂ ಕರೀರಿ. ಬೇಗ. ತಡ ಆದಷ್ಟೂ ಕೆಡುತ್ತೆ."

ಏನು ಕೆಡುತ್ತದೆ ಎಂದು ನನಗೆ ತಿಳಿಯಲಿಲ್ಲ. ಬಾಗಿಲಲ್ಲಿ ಬೆಂಕಿ ಆರಿಸುವ ನಾಲ್ಕು ಮರಳಿನ ಬಕೆಟ್ಟುಗಳಿದ್ದವು. ಮೂರರಲ್ಲಿ ಎಂದಿನಂತೆ ಸಿಗರೇಟಿನ ತುಂಡು. ನಾಲ್ಕನೆಯದು ಗುಡಿಸಿದ ಹಾಗೆ ಶುಭ್ರವಾಗಿತ್ತು. ಒಳ್ಳೆಯ ಬುದ್ಧಿ ಬಂದಿದೆ ಇವರಿಗೆ ಎಂದುಕೊಂಡೇ ದಾಟಿದೆ.

ತನಿಖೆಯ ಅಧಿಕಾರಿ ಆಗಲೇ ಬಂದು ಸಾಹೇಬರ ಕೋಣೆಯಲ್ಲಿ ಕೂತಿದ್ದರು. ಎಲ್ಲರೂ ಟೂಲ್ ರೂಮಿಗೆ ಬಂದರು. ಗುಬ್ಬಿಯ ಅಂಗೈಗೆ ಬಟ್ಟೆ ಸುತ್ತಿತ್ತು. ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಮೇಸ್ತ್ರಿ ತಂಗಿಯ ಪಕ್ಕ ಹೋಗಿ ನಿಂತ, ಬಲಗೈ ಪ್ಯಾಂಟಿನ ಜೇಬಿನಲ್ಲಿ.

"ಎಲ್ಲರೂ ಕೈ ಚಾಚಿ," ಎಂದಳು ಅಕ್ಕ.

"ಏನಮ್ಮ, ಕೈ ನೋಡಿ ಭವಿಷ್ಯ ಹೇಳ್ತೀಯಾ?" ಎಂದರು ಸಾಹೇಬರು.

"ಆಗಿಹೋದದ್ದು ಹೇಳ್ತೀನಿ ಸಾಹೇಬ್ರೆ. ಅದನ್ನ ಹೇಳೋರೇ ಕಮ್ಮಿ."

ಗುಬ್ಬಿ ಬಟ್ಟೆ ಬಿಚ್ಚಿದ. ಉದ್ದನೆಯ ಗೀರು, ರಕ್ತ ಹೆಪ್ಪುಗಟ್ಟಿತ್ತು. "ಉರುಳೆ ಎತ್ತೋಕೆ ಹೋದಾಗ ತರಚಿತು ಅಕ್ಕ, ಎತ್ತೋಕಾಗ್ಲಿಲ್ಲ," ಎಂದು ಆ ದೊಡ್ಡ ಆಳು ಮೂಗು ಎಳೆದುಕೊಂಡ.

"ರಕ್ತ ಬಂದ ಗಾಯ ಒಳ್ಳೇ ಗಾಯ. ಕಟ್ಕೋ." ಸಾಹೇಬರ ಅಂಗೈ ಬೆಣ್ಣೆಯಂತಿತ್ತು. ಅಕ್ಕ ಮೇಸ್ತ್ರಿಯ ಕಡೆ ತಿರುಗಿದಳು.

"ಮುಳ್ಳು ಚುಚ್ಚಿದೆ, ಅಷ್ಟೇ," ಎಂದ ಮೇಸ್ತ್ರಿ.

"ತೋರಿಸಿ."

ಕೈ ಹೊರಗೆ ಬಂತು. ತೋರುಬೆರಳು ಬೂದಿಬಣ್ಣಕ್ಕೆ ತಿರುಗಿ, ಊದಿ ಹೊಳೆಯುತ್ತಿತ್ತು. ಬಾವು ಅಂಗೈಗೂ ಇಳಿದಿತ್ತು. ತುದಿಯಲ್ಲಿ ಸಾಸಿವೆಯಷ್ಟು ಚುಕ್ಕೆ, ರಕ್ತದ ಗುರುತಿಲ್ಲ.

"ಮಾಮ, ಸಿಗರೇಟು ತುಂಡಿಲ್ಲದ ಆ ನಾಲ್ಕನೇ ಬಕೆಟ್ಟು ಸುರೀರಿ," ಎಂದಳು ಅಕ್ಕ.

ಸುರಿದೆ. ಎಣ್ಣೆ ಹತ್ತಿ ಮುದ್ದೆಯಾದ ಮರಳಿನೊಂದಿಗೆ ಗೇಣುದ್ದದ ಎರಡು ತುಂಡು ಹಗ್ಗ ಬಿದ್ದವು. ಪ್ರತಿಯೊಂದರ ಒಂದು ತುದಿ ಚಪ್ಪಟೆ, ಫಳಫಳ. ಇನ್ನೊಂದು ತುದಿ ಪೊರಕೆ, ಒಳಗಿನವರೆಗೂ ಕೆಂಪು ತುಕ್ಕು.

ಅಕ್ಕ ಅಧಿಕಾರಿಗೆ ಮೆಲ್ಲಗೆ, ಮಕ್ಕಳಿಗೆ ಪಾಠ ಹೇಳುವಂತೆ ಹೇಳಿದಳು.

"ಗೋಣಿ ಇತ್ತು ಸ್ವಾಮಿ, ಉರುಳೆ ಅಡಿಯಲ್ಲಿ ಈಗ್ಲೂ ಇದೆ. ಹಗ್ಗ ಅಂಚಿಗೆ ಕಡೀಲಿಲ್ಲ, ತಿಂಗಳುಗಟ್ಟಲೆ ತುಕ್ಕು ತಿಂದು ಹರೀತು. ಹರಿದ ಜಾಗ ನಿಮ್ಮ ಕಣ್ಣಿಗೆ ಬಿದ್ದಿದ್ರೆ ಸತ್ತವನ ಮೇಲೆ ಹೊರಿಸೋಕಾಗ್ತಿರ್ಲಿಲ್ಲ. ಅದಕ್ಕೆ ಮೇಸ್ತ್ರಿ ಎರಡೂ ತುದಿಯ ತುಕ್ಕು ಹಿಡಿದ ಭಾಗ ಕತ್ತರಿಸಿ ತೆಗೆದ್ರು. ಒಂದು ಮೊಳ ಕಮ್ಮಿ ಆಗಿದ್ದು ಹಾಗೆ. ಸದ್ದಿಲ್ದೆ ಕತ್ತರಿಸೋಕೆ ಸಿಕ್ಕಿದ್ದು ಈ ಕಟ್ಟರು. ಇದು ಮೆತ್ತನೆ ಲೋಹ ಕತ್ತರಿಸೋಕೆ ಇರೋದು. ಉಕ್ಕು ಕಚ್ಚಿಸಿದ್ರೆ ಅಲಗು ಹೋಗುತ್ತೆ, ಜೋರಾಗಿ ತುಳಿದ್ರೆ ಪೈಪೂ ಹೋಗುತ್ತೆ. ಪೈಪಲ್ಲಿ ಸೂಜಿಮೊನೆ ತೂತು ಬಿತ್ತು. ಒತ್ತಡ ಇಳೀತಿದೆ, ಸೋರೋದು ಕಾಣ್ತಿಲ್ಲ, ಅವಸರ. ಪೈಪಿನ ಮೇಲೆ ಬೆರಳು ಆಡಿಸಿದ್ರು. ಇಪ್ಪತ್ತು ವರ್ಷ ಎಲ್ಲರಿಗೂ 'ರಟ್ಟು ಹಿಡೀರೋ' ಅಂತ ಬೈದೋರು."

"ಆ ಚುಕ್ಕೆಯಿಂದ ಏನಾಗುತ್ತೆ?" ಎಂದರು ಅಧಿಕಾರಿ.

"ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತೆ ಸ್ವಾಮಿ. ಮೊದಲು ಇರುವೆ ಕಚ್ಚಿದಷ್ಟು ನೋವು. ಆಮೇಲೆ ಒಳಗೊಳಗೇ ಮಾಂಸ ಸಾಯುತ್ತೆ. ಕೂಡಲೇ ಕೊಯ್ದು ತೊಳೆದ್ರೆ ಮಾತ್ರ ಬೆರಳು ಉಳಿಯುತ್ತೆ." ಅವಳು ಮೇಸ್ತ್ರಿಯನ್ನು ನೋಡಿದಳು. "ನಿನ್ನೆ ಸಂಜೆಯೆಲ್ಲಾ ಆಸ್ಪತ್ರೆಯಲ್ಲೇ ಇದ್ರಿ. ಡಾಕ್ಟರು ಹತ್ತು ಹೆಜ್ಜೆ ದೂರ. ಎಣ್ಣೆ ಹೊಕ್ಕಿದೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳಿದ್ರೆ ಯಾವ ಎಣ್ಣೆ ಅಂತ ಕೇಳ್ತಿದ್ರು."

ಆಮೇಲೆ ತಗಡಿನ ಚೀಟಿ ತಿರುಗಿಸಿ ತೋರಿಸಿದಳು. 'ಪರೀಕ್ಷಿಸಿದೆ, ಸರಿ ಇದೆ.' ಸೋಮವಾರ ಬೆಳಗಿನ ತಾರೀಖು. ಮುತ್ತು ಪೋಣಿಸಿದ ಸಹಿ.

"ನೋಡಿರ್ಲಿಲ್ಲ," ಎಂದ ಮೇಸ್ತ್ರಿ. "ದಿನಾ ಹಾಕೋ ಸಹಿ, ಹಾಕಿದೆ. ಸತ್ತೋನು ಹೇಗೂ ಸತ್ತ. ಅವನ ಮೇಲೆ ಹೋದ್ರೆ ಅವನಿಗೇನು ನೋವಾ? ನನ್ನ ಕೆಲಸ ಹೋದ್ರೆ ಇವಳನ್ನೂ ಮಗೂನೂ ನೋಡ್ಕೊಳ್ಳೋರು ಯಾರು? ಅವಳಿಗೋಸ್ಕರನೇ..."

ತಂಗಿ ಅಲ್ಲಿಯವರೆಗೆ ಅತ್ತಿರಲಿಲ್ಲ, ಆಗಲೂ ಅಳಲಿಲ್ಲ.

"ಅಣ್ಣಾ, ನಿನ್ನೆ ಆಸ್ಪತ್ರೇಲಿ ನನ್ನ ತಲೆ ಸವರಿದ್ಯಲ್ಲ, ಅದು ಇದೇ ಕೈಯಾ?"

ಮೇಸ್ತ್ರಿ ಕೈಯನ್ನು ಮತ್ತೆ ಜೇಬಿಗೆ ತುರುಕಿಕೊಂಡ.

"ಇವನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿ," ಎಂದಳು ತಂಗಿ, ಗುಬ್ಬಿಗೆ. "ಎಣ್ಣೆ ಹೊಕ್ಕಿದೆ ಅಂತ ಮೊದಲೇ ಹೇಳಿ."

ಅಧಿಕಾರಿ ಬರೆದುಕೊಳ್ಳತೊಡಗಿದರು. ಅಕ್ಕ ಚೀಟಿಯ ಮೇಲೆ ಬೆರಳಿಟ್ಟಳು. "ಕೆಳಗೆ ಇನ್ನೊಂದು ಸಹಿ ಇದೆ ಸ್ವಾಮಿ. ಸಾಹೇಬರದ್ದು."

"ಮೇಸ್ತ್ರಿ ನೋಡಿದ ಮೇಲೆ ನಾನೇನು ನೋಡೋದು?" ಎಂದರು ಸಾಹೇಬರು.

"ನೋಡಿದೆ ಅಮ್ಮ," ಎಂದರು ಅಧಿಕಾರಿ, ಯಾವುದನ್ನು ಎಂದು ಹೇಳದೆ ಫೈಲು ಮುಚ್ಚಿದರು. ಗುರುವಾರ ಬಂದ ತನಿಖೆಯ ಕಾಗದದಲ್ಲಿ ಇದ್ದದ್ದು ಒಂದೇ ಹೆಸರು, ಮೇಸ್ತ್ರಿಯದು. ಜಾಯಿಂಟರನ ತಪ್ಪಿಲ್ಲ ಎಂದೂ ಬಂತು. ಆ ಸಾಲನ್ನು ಅವನ ಹೆಂಡತಿ ನನ್ನಿಂದ ಎರಡು ಸಲ ಓದಿಸಿದಳು.

ಬೀಗದ ಕೈ ಕೊಟ್ಟವನು ನಾನು. ಅಕ್ಕ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಕಟ್ಟರಿಗೆ ಹೊಸ ಪೈಪು, ಹೊಸ ಅಲಗು ಹಾಕಿದಳು, ಅಷ್ಟೇ. ಸಾಹೇಬರು ಅದೇ ಕುರ್ಚಿಯಲ್ಲಿ ಉಳಿದರು.

ಮೂರು ವಾರದ ಮೇಲೆ ಮೇಸ್ತ್ರಿ ತನ್ನ ಸಾಮಾನು ಒಯ್ಯಲು ಗೇಟಿಗೆ ಬಂದ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಇದ್ದವು. ಎಡಗೈಯಲ್ಲಿ ಸಹಿ ಹಾಕಿದ, ಇರುವೆ ಸಾಲು. ತಂಗಿಯ ಕ್ವಾರ್ಟರ್ಸಿನ ಮುಚ್ಚಿದ ಬಾಗಿಲನ್ನು ನೋಡುತ್ತ ತುಂಬ ಹೊತ್ತು ನಿಂತ.

"ಮಾಮ, ನಮ್ಮ ತಂಗಿ ಎಲ್ಲಿಗೆ ಹೋದ್ಳು?"

"ಹೇಳ್ಲಿಲ್ಲ ಕಣಪ್ಪ."

"ಯಾವತ್ತು?"

"ಆ ವಾರವೇ. ಶುಕ್ರವಾರ, ನೀನು ಇನ್ನೂ ಆಸ್ಪತ್ರೇಲಿದ್ದಾಗ."