ಸಡಿಲಾಗುತ್ತಿದ್ದ ಕೊನೆಯ ಬೋಲ್ಟು

"ಏಯ್... ಯಾರ್ರೀ ಅದು? ನನ್ ಮಿಷಿನ್ ಯಾಕ್ರೀ ಬಿಚ್ತಿದೀರ?!"

ಸರಳಾಳ ಕೂಗಿಗೆ ಅಬ್ಬಿಗೆರೆಯ ಆ ತಗಡಿನ ಶೆಡ್ಡೇ ಅದುರಿತು.

ಕಂಪ್ಯೂಟರಿಗೆ ಕೊಟ್ಟ ಚಿತ್ರದಂತೆ ಮರ ಕೆತ್ತುವ ಸಿಎನ್‌ಸಿ ಯಂತ್ರವನ್ನು ಅವಳು ತಾನೇ ಕಟ್ಟುತ್ತಿದ್ದಳು. ಬೆಳಗಿನಿಂದ ಬೆವರು ಸುರಿಸಿ ಮೇಲಿನ ಅಡ್ಡತೊಲೆ ಜಾರುವ ಎರಡು ಉಕ್ಕಿನ ಕಂಬಿಗಳನ್ನು, ಗೈಡ್ ರೈಲುಗಳನ್ನು, ಬಿಗಿದಿದ್ದಳು. ಟೀ ಕುಡಿದು ಬರುವಷ್ಟರಲ್ಲಿ, ಮಹಡಿಯ ಹೊಸ ಬಾಡಿಗೆದಾರ, ಮೆಕ್ಯಾನಿಕ್ ಬಸವಕಿರಣ ಒಂದು ರೈಲಿನ ಬೋಲ್ಟುಗಳನ್ನೆಲ್ಲ ಸಡಿಲಿಸಿ ಕೂತಿದ್ದ!

"ಸಿಟ್ಟಾಗಬ್ಯಾಡ್ರಿ... ನಿಮ್ಮ ಅಪ್ಪಾರೇ ನೋಡು ಅಂದ್ರು."

"ನನ್ನನ್ ಒಂದ್ ಮಾತು ಕೇಳ್ಬೇಕಿತ್ತಲ್ವಾ?"

ಅವಳ ಕಣ್ಣು ತುಂಬಿತು. ಅಪ್ಪ ಚಿಕ್ಕಮುನಿಯಪ್ಪನ ಕೈ ನಡುಗತೊಡಗಿದ ಮೇಲೆ ಬಾಗಿಲು ಕೆತ್ತನೆ ನಿಂತೇಹೋಗಿತ್ತು. ಈ ಯಂತ್ರವೂ ಓಡದಿದ್ದರೆ ಶೆಡ್ಡಿಗೆ ಬೀಗವೇ ಗತಿ.

"ಎರಡನ್ನೂ ಮೊದಲೇ ಬಿಗಿದ್ರ ಮ್ಯಾಲಿನ ಅಡ್ಡತೊಲಿ ನಡುವ ಸಿಕ್ಕೊಂತೈತ್ರಿ. ಒಂದು ರೈಲು ಗಟ್ಟಿ ಇರಲಿ. ನೀವು ತೊಲಿ ತಳ್ಕೋತ ಹೋಗ್ರಿ, ಎರಡನೇದು ತನ್ನ ಜಾಗಕ್ಕ ತಾನ ಕೂಡತೈತಿ. ನಾ ಹಿಂದಿಂದ ಬಿಗೀತೀನಿ."

ಮುಖ ಗಂಟಿಕ್ಕಿಕೊಂಡೇ ತಳ್ಳಿದಳು. ಆ ತೊಲೆ ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿಹೋಯಿತು!

'ಅಯ್ಯೋ... ಎಷ್ಟು ಕೂಗಾಡಿಬಿಟ್ಟೆ!' ನಾಚಿಕೆಯಿಂದ ಅವಳ ಮುಖ ಕೆಂಪಾಯಿತು.

ಕೆಲವೇ ದಿನಗಳಲ್ಲಿ ಯಂತ್ರ ಓಡಿತು. ಅಪ್ಪ ಹಿಂದೆ ಬರೆದಿದ್ದ ಹೂಬಳ್ಳಿ ಹಲಗೆಯ ಮೇಲೆ ಮೂಡಿದ ದಿನ, ಮುದುಕ ನಡುಗುವ ಬೆರಳಿನಿಂದ ಅದನ್ನು ಸವರುತ್ತಲೇ ನಿಂತ. ಅಂದು ಸರಳಾ ಕೈಮುಗಿದದ್ದು ದೇವರಿಗಷ್ಟೇ ಅಲ್ಲ, ಕಿರಣನಿಗೂ.

ಆದರೆ ವಿಚಿತ್ರ! ರೈಲಿನ ಕೊನೆಯ ಬೋಲ್ಟು ಮಾತ್ರ ದಿನವೂ ಸಡಿಲಾಗುತ್ತಿತ್ತು. ಪ್ರತಿ ಸಂಜೆ ಕಿರಣ ಬಂದು ಬಿಗಿಯುತ್ತಿದ್ದ.

"ದಿನಾ ಇಂಗೆ ಸಡಿಲ ಆಗಾಕೆ ಅದಕ್ಕೇನ್ ದೆವ್ವ ಮೆಟ್ಕಂಡೈತೇನಮ್ಮ?" ಅಪ್ಪ ಮೀಸೆಯಲ್ಲೇ ನಗುತ್ತಿದ್ದ.

ಕಿರಣನಿಗೆ ಮಾತ್ರ ನಗು ಬರಲಿಲ್ಲ. ಒಂದು ಸಂಜೆ ಸೋತ ಮುಖದಲ್ಲಿ ಹೇಳಿಯೇಬಿಟ್ಟ.

"ನನ್ ಕೈಲೆ ಆಗಲಿಲ್ರಿ. ನಾಳೆಯಿಂದ ಬ್ಯಾರೆ ಮೇಸ್ತ್ರಿನ್ನ ಕಳಸ್ತೀನಿ."

ಸರಳಾ ಓಡಿಬಂದು ಅವನಿಗೆ ಅಡ್ಡ ನಿಂತಳು.

"ಬೇಡ! ನಿಮ್ ತಪ್ಪಲ್ಲ... ದಿನಾ ಕೆಲ್ಸ ಮುಗಿದ್ಮೇಲೆ ನಾನೇ ಸಡಿಲ ಮಾಡ್ತಿದ್ದೆ."

"ಯಾಕ್ರೀ?!"

"ಇಲ್ದಿದ್ರೆ ನೀವು ಬರ್ತಿದ್ರಾ?" "ಅಪ್ಪನ ಕೆತ್ತನೆ ವಾಪಸ್ ಕೊಟ್ರಿ, ಆ ಉಪಕಾರ ಸಾಯೋವರ್ಗೂ ಮರೆಯಲ್ಲ. ಆದ್ರೆ ಬರೀ ಅದಕ್ಕಲ್ಲ... ನೀವಂದ್ರೆ ನಂಗಿಷ್ಟ ಕಣ್ರೀ!"

ಅವನು ಸ್ಪ್ಯಾನರ್ ಎತ್ತಿಕೊಂಡ. ಬಾಗಿ ಆ ಕೊನೆಯ ಬೋಲ್ಟನ್ನು ಬಿಗಿಯಾಗಿ ತಿರುಗಿಸಿದ.

'ಮುಗೀತು... ಇನ್ನು ಬರಲ್ಲ...' ಅವಳು ತಲೆ ತಗ್ಗಿಸಿದಳು.

"ಇನ್ನ ಇದನ್ನ ಬಿಚ್ಚಬ್ಯಾಡ್ರಿ, ಸರಳಾ. ಬರೋ ವಾರ ಊರಿಂದ ಅವ್ವ ಬರ್ತಾಳ. ನಿಮ್ಮನ್ನ ಹೆಣ್ಣು ಕೇಳಾಕ ಇಲ್ಲಿಗೇ ಕರ್ಕೊಂಡು ಬರ್ತೀನಿ. ಅಷ್ಟೊತ್ತಿಗೆ ಮಷಿನ್ ಲೊಡಲೊಡ ಅಂದ್ರ, ನನ್ ಮಗಗ ಕೆಲಸಾನೇ ಬರಂಗಿಲ್ಲ ಅಂತಾಳ!"

ಅವಳು ಅಳುತ್ತಲೇ ನಕ್ಕಳು.

"ಇಲ್ಲ ಕಣ್ರೀ... ಅಪ್ಪನಾಣೆ, ಇನ್ ಮುಟ್ಟಲ್ಲ!"